ರೈನ್ ನದಿಯ ಬಾಸೆಲ್, ನಮ್ಮ ಮಾಡಿನ ಹಂಚು



ನಮ್ಮ ಕಡೆಯ ಹಳೆ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಹಂಚು ಸರಿಮಾಡಲು ಮಾಡಿಗೆ ಹತ್ತಿದವರಿಗೆ ಇದು ಗೊತ್ತಿರುತ್ತದೆ. ಒಡೆದ ಹಂಚನ್ನು ಕೆಳಗಿಳಿಸಿ ಹಾವಸೆ ಉಜ್ಜಿದರೆ, ಕೆಲವದರ ಹಿಂಬದಿಯಲ್ಲಿ ಇಂಗ್ಲಿಷ್ ಅಕ್ಷರಗಳ ಅಚ್ಚು ಕಾಣುತ್ತದೆ: ಬಾಸೆಲ್ ಮಿಶನ್. ಚಿಕ್ಕಂದಿನಲ್ಲಿ ನಾವು ಬಾಸೆಲ್ ಅಂದರೆ ಯಾರೋ ಒಬ್ಬ ದೊರೆಯ ಹೆಸರು ಎಂದುಕೊಂಡಿದ್ದೆವು. ಅದು ಒಂದು ಊರು, ಸ್ವಿಟ್ಜರ್‌ಲ್ಯಾಂಡಿನಲ್ಲಿ ರೈನ್ ನದಿ ಬಳುಕಿ ಬಡಗಣಕ್ಕೆ ತಿರುಗುವ ಜಾಗದಲ್ಲಿದೆ ಎಂದು ತಿಳಿದದ್ದು ಕಾಲೇಜು ಮುಗಿಸುವ ಹೊತ್ತಿಗೆ.

ನಮ್ಮ ಯುವಜನ ಸಂಘದ ಒಬ್ಬ ಅಕ್ಕ ಈಗ ಜರ್ಮನಿಯ ಫ್ರೈಬುರ್ಗ್‌ನಲ್ಲಿ ನರ್ಸ್. ಇನ್ನೊಬ್ಬ ತಮ್ಮ ಅಲ್ಲೇ ಓದುತ್ತಿದ್ದಾನೆ. ಅವರನ್ನು ನೋಡಲು ಹೋದ ನೆಪದಲ್ಲಿ ಆಗಸ್ಟ್ ತಿಂಗಳ ಒಂದು ಶನಿವಾರ ಮೂವರೂ ರೈಲು ಹತ್ತಿ ಬಾಸೆಲ್‌ಗೆ ಹೋಗಿಬಂದೆವು. ಹೆಚ್ಚೆಂದರೆ ಒಂದು ಗಂಟೆಯ ದಾರಿ. ಇಳಿದ ನಿಲ್ದಾಣವೇ ಒಂದು ತಮಾಷೆ: ನಿಂತಿರುವುದು ಸ್ವಿಟ್ಜರ್‌ಲ್ಯಾಂಡಿನ ನೆಲದಲ್ಲಿ, ನಡೆಸುವುದು ಜರ್ಮನಿಯ ರೈಲ್ವೆ. ಸ್ವಿಟ್ಜರ್‌ಲ್ಯಾಂಡ್, ಜರ್ಮನಿ, ಫ್ರಾನ್ಸ್ ಮೂರೂ ಸೇರುವ ಮೂಲೆ ಇದು. ಬೆಳಗ್ಗೆ ಫ್ರಾನ್ಸಿನ ಮನೆಯಿಂದ ಹೊರಟು ಬಾಸೆಲ್‌ನಲ್ಲಿ ಕೆಲಸ ಮಾಡಿ, ಸಂಜೆ ಜರ್ಮನಿಯ ಅಂಗಡಿಯಲ್ಲಿ ಸಾಮಾನು ಕೊಂಡು ಹೋಗುವವರು ಬೇಕಾದಷ್ಟು. ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೂ ಕಾಲೇಜಿಗೂ ಹೋಗಿ ಬರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2020ರಲ್ಲಿ ಕೊರೊನಾ ಬಂದಾಗ ಅವರ ಗಡಿಗೂ ಬೇಲಿ ಬಿತ್ತು, ನಮ್ಮ ಗಡಿಯ ರಸ್ತೆಗೆ ಮಣ್ಣು ಬಿತ್ತು. ಆ ವಿಷಯ ಇಲ್ಲಿ ಬೇಡ; ಬರೆಯಲು ಹೊರಟರೆ ಮುಗಿಯುವುದಿಲ್ಲ.

ಮೊದಲು ಹೋದದ್ದು ಸೇತುವೆಗೆ. ಅದರ ಹೆಸರೇ ನಡುಸೇತುವೆ. ಈ ಜಾಗದಲ್ಲಿ ರೈನ್ ನದಿಗೆ ಮೊದಲ ಸೇತುವೆ ಕಟ್ಟಿದ್ದು 1226ರಲ್ಲಿ. ಈಗ ನಾವು ನಡೆಯುವ ಕಲ್ಲಿನ ಸೇತುವೆ 1905ರದ್ದು. ಮಧ್ಯದಲ್ಲಿ ಒಂದು ಪುಟ್ಟ ಗುಡಿಯಂಥ ಮಂಟಪ ಇದೆ. ಹಿಂದೆ ಮರಣದಂಡನೆಯಾದವರನ್ನು ಅಲ್ಲಿಂದಲೇ ನೀರಿಗೆ ಎಸೆಯುತ್ತಿದ್ದರಂತೆ. ಈಗ ಅದರ ಬಾಗಿಲ ಸರಳುಗಳಿಗೆ ಪ್ರೇಮಿಗಳು ಬೀಗ ಹಾಕಿ ಹೋಗುತ್ತಾರೆ. ದಡದ ಮೇಲೆ ಎತ್ತರದಲ್ಲಿ ಕೆಂಪು ಮರಳುಗಲ್ಲಿನ ಮಹಾದೇವಾಲಯ, ಎರಡು ಗೋಪುರ. 1356ರ ಭೂಕಂಪದಲ್ಲಿ ಬಿದ್ದು ಮತ್ತೆ ಎದ್ದ ಕಟ್ಟಡ ಅದು. ಒಳಗೆ ಎರಾಸ್ಮಸ್ ಎಂಬ ವಿದ್ವಾಂಸರ ಸಮಾಧಿ ಇದೆ. ಹೊಸ ಒಡಂಬಡಿಕೆಯ ಮೂಲ ಗ್ರೀಕ್ ಪಠ್ಯವನ್ನು ಅವರು ಸಂಪಾದಿಸಿ, 1516ರಲ್ಲಿ ಇದೇ ಊರಿನ ಫ್ರೋಬೆನ್ ಎಂಬವರ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದರು. ಮುಂದೆ ಲೂಥರ್ ಜರ್ಮನ್ ಭಾಷೆಗೆ ತರುವಾಗ ಎದುರಿಗಿಟ್ಟುಕೊಂಡದ್ದು ಈ ಪಠ್ಯದ ಎರಡನೇ ಮುದ್ರಣವನ್ನು. ಕಾಗದ, ಅಚ್ಚು, ಪುಸ್ತಕ ಈ ಊರಿನ ಹಳೆಯ ಕಸುಬು. ಇಲ್ಲಿಂದ ಹೊರಟವರು ನಮ್ಮ ಕರಾವಳಿಗೆ ಬಂದ ಏಳೆಂಟು ವರ್ಷದಲ್ಲೇ ಕಲ್ಲಚ್ಚಿನ ಯಂತ್ರ ನಿಲ್ಲಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ಪ್ರವಾಸಿಗಳು ಸಾಮಾನ್ಯವಾಗಿ ಇಷ್ಟು ನೋಡಿ ಚಾಕಲೇಟು ಕೊಂಡು ಹೊರಡುತ್ತಾರೆ. ನಮಗೆ ಬೇಕಾಗಿದ್ದ ಬೀದಿ ಬೇರೆ. ಶ್ಪಾಲೆನ್‌ಟೋರ್ ಎಂಬ ಹಳೆ ಕೋಟೆ ಬಾಗಿಲು ದಾಟಿದರೆ ಸಿಗುವ ರಸ್ತೆಗೆ ಮಿಶನ್ ರಸ್ತೆ ಎಂದೇ ಹೆಸರು. ಅಲ್ಲಿ ಮರಗಳ ಹಿಂದೆ ಉದ್ದನೆಯ, ಶಾಲೆಯ ಹಾಗೆ ಕಾಣುವ ಒಂದು ದೊಡ್ಡ ಕಟ್ಟಡ. 1860ರಲ್ಲಿ ಕಟ್ಟಿದ ಬಾಸೆಲ್ ಮಿಶನ್ ಮನೆ ಅದೇ. ನಮ್ಮ ಹಂಚಿನ ಹಿಂಬದಿಯ ಹೆಸರಿನ ವಿಳಾಸ.

ಬಾಸೆಲ್ ಮಿಶನ್ ಹುಟ್ಟಿದ್ದು 1815ರಲ್ಲಿ. ನೆಪೋಲಿಯನ್ ಯುದ್ಧದ ಕೊನೆಯ ವರ್ಷ. ಪಕ್ಕದ ಫ್ರೆಂಚ್ ಕೋಟೆಯಿಂದ ಊರಿನ ಮೇಲೆ ಗುಂಡು ಬೀಳುತ್ತಿತ್ತು, ಊರು ಉಳಿಯಿತು, ಆ ಉಪಕಾರಸ್ಮರಣೆಗಾಗಿ ಮಿಶನ್ ಆರಂಭಿಸಿದರು ಎಂದು ಹೇಳುತ್ತಾರೆ. ಹಣ ಎಲ್ಲಿಂದ ಬಂತು ಎಂದು ಕೇಳಬೇಕಲ್ಲ? ಆಗ ಬಾಸೆಲ್‌ನ ಶ್ರೀಮಂತಿಕೆ ನಿಂತಿದ್ದು ರೇಷ್ಮೆ ರಿಬ್ಬನ್ನಿನ ಮೇಲೆ. ಯುರೋಪಿನ ಹೆಂಗಸರ ಟೊಪ್ಪಿಗೆಗೂ ಅಂಗಿಗೂ ಕಟ್ಟುವ ರಿಬ್ಬನ್ನು. ಅದನ್ನು ಸುತ್ತಲಿನ ಹಳ್ಳಿಗಳ ಮನೆಮನೆಯ ಮಗ್ಗದಲ್ಲಿ ನೇಯಿಸಿ ಮಾರುವ ಯಜಮಾನರು ಮಿಶನ್‌ಗೆ ಬೆನ್ನೆಲುಬಾದರು. ಅವರಲ್ಲೊಬ್ಬರಾದ ಕಾರ್ಲ್ ಸರಾಸಿನ್ 1855ರಲ್ಲಿ ಇನ್ನೊಂದು ದಾರಿ ಹುಡುಕಿದರು: ಬಡವರೂ ಕೊಡಬಹುದಾದಂತೆ ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಆಗಿನ ಒಂದು ಚಿಲ್ಲರೆ ಕಾಸು. ಮನೆ ಮನೆಗೆ ಹೋಗಿ ಒಟ್ಟುಮಾಡಬೇಕು. ನಮ್ಮ ಅಜ್ಜಿಯಂದಿರು ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ಸಭೆಗೆಂದು ಬೇರೆ ಇಡುತ್ತಿದ್ದರಲ್ಲ, ಅದೇ ಲೆಕ್ಕ. ಅಂದರೆ ನಮ್ಮ ಕಡೆಯ ಶಾಲೆಗಳಿಗೆ ಬಂದ ಹಣದಲ್ಲಿ ರಿಬ್ಬನ್ ಸಾಹುಕಾರರ ಪಾಲೂ ಇತ್ತು, ಬಟ್ಟೆ ಒಗೆಯುವ ಹೆಂಗಸಿನ ಪಾಲೂ ಇತ್ತು.

ಬಂದವರೂ ಬಾಸೆಲ್‌ನ ಸಾಹುಕಾರರ ಮಕ್ಕಳಲ್ಲ. ಹೆಚ್ಚಿನವರು ದಕ್ಷಿಣ ಜರ್ಮನಿಯ ಹಳ್ಳಿಗಳ ರೈತರ, ಕಸುಬುದಾರರ ಮಕ್ಕಳು. 1834ರ ಅಕ್ಟೋಬರ್‌ನಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರು ಸೇರಿದರು. ಆಗ ನಮ್ಮ ಕಾಸರಗೋಡು, ಮಂಗಳೂರು ಎಲ್ಲ ಮದರಾಸು ಪ್ರಾಂತ್ಯದ ಒಂದೇ ಕೆನರಾ ಜಿಲ್ಲೆ. 1836ರಲ್ಲಿ ಬಂದ ಮೊಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ. ಕಿಟೆಲ್ 1853ರಲ್ಲಿ ಬಂದು 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟರು. ಇದನ್ನೆಲ್ಲ ನೀವು ಶಾಲೆಯಲ್ಲಿ, ಭಾಷಣಗಳಲ್ಲಿ ಕೇಳಿದ್ದೀರಿ. ಹಾಗಾಗಿ ನಾವು ಹೇಳಬೇಕೆಂದಿರುವುದು ಇನ್ನೊಬ್ಬರ ಬಗ್ಗೆ, ಆ ಕಡೆಯಿಂದ ಈ ಕಡೆಗಲ್ಲ, ಈ ಕಡೆಯಿಂದ ಆ ಕಡೆಗೆ ಹೋದವರ ಬಗ್ಗೆ.

ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ ಆನಂದರಾವ್ ಕೌಂಡಿಣ್ಯ ಮೊಗ್ಲಿಂಗರ ಇಂಗ್ಲಿಷ್ ಶಾಲೆಯಲ್ಲಿ ಕಲಿತವರು. 1844ರಲ್ಲಿ ದೀಕ್ಷಾಸ್ನಾನ ಪಡೆದರು. ಊರಲ್ಲಿ ದೊಡ್ಡ ಗಲಭೆ ಎದ್ದಿತು. ಮನೆ, ಜಾತಿ, ಮದುವೆಯಾಗಿದ್ದ ಹೆಂಡತಿ ಎಲ್ಲ ಆ ಕಡೆ ಉಳಿಯಿತು. 1846ರ ಹೊತ್ತಿಗೆ ಅವರು ಮೊಗ್ಲಿಂಗರ ಜೊತೆ ಬಾಸೆಲ್ ತಲಪಿದ್ದರು. 1851ರವರೆಗೆ ಇಲ್ಲೇ ಮಿಶನ್ ಸೆಮಿನರಿಯಲ್ಲಿ ಓದಿ, ಬೋಧಕರಾಗಿ ಅಭಿಷೇಕ ಪಡೆದು ಮಂಗಳೂರಿಗೆ ಮರಳಿದರು. ಅಂದರೆ ನಮ್ಮ ವಯಸ್ಸಿನಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ, ಕನ್ನಡ ಕರಾವಳಿಯ ಒಬ್ಬ ಹುಡುಗ ಈ ಬೀದಿಗಳಲ್ಲಿ ಐದು ಚಳಿಗಾಲ ಕಳೆದ. ನಾವು ನಿಂತು ನೋಡಿದ ಮಿಶನ್ ಮನೆ ಆಗ ಇರಲಿಲ್ಲ, ಸೆಮಿನರಿ ಊರೊಳಗೆ ಬೇರೆ ಕಡೆ ಇತ್ತು. ಕೋಟೆಗೋಡೆ ಇನ್ನೂ ಊರ ಸುತ್ತ ನಿಂತಿತ್ತು. ಸೇತುವೆ ಅರ್ಧ ಕಲ್ಲು, ಅರ್ಧ ಮರ. ಫ್ರಾನ್ಸಿನ ಕಡೆಯಿಂದ ರೈಲು ಮಾತ್ರ ಆಗಲೇ ಬಂದಿತ್ತು, 1844ರಲ್ಲಿ. ಭಾರತದಲ್ಲಿ ಮೊದಲ ಪ್ರಯಾಣಿಕರ ರೈಲು ಓಡಲು ಇನ್ನೂ ಕೆಲವು ವರ್ಷ ಇತ್ತು.

ನಮಗೆ ವಾಟ್ಸಾಪ್ ಇದೆ. ಅಮ್ಮನಿಗೆ ಸೇತುವೆಯ ಮೇಲಿಂದಲೇ ವೀಡಿಯೊ ಕಾಲ್ ಮಾಡಿದೆವು, “ಚಳಿ ಉಂಟಾ, ತಲೆಗೆ ಏನಾದರೂ ಕಟ್ಟಿಕೊಳ್ಳಿ” ಎಂದರು, ಬಿಸಿಲಿಗೆ ಬೆವರುತ್ತಿದ್ದ ನಮಗೆ. ಕೌಂಡಿಣ್ಯರಿಗೆ ಮಾತಾಡಲು ಮನೆಯೇ ಉಳಿದಿರಲಿಲ್ಲ. ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವರ ವಿದ್ಯೆಯನ್ನು, ಮುಂದೆ 1860ರಲ್ಲಿ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣನ್ನು ಮದುವೆಯಾದದ್ದನ್ನು, ಮಂಗಳೂರಿನ ಸೆಮಿನರಿಯಲ್ಲಿ ಕಲಿಸಿದ್ದನ್ನು ಹೇಳುತ್ತಾರೆ. 1893ರಲ್ಲಿ ತೀರಿಕೊಂಡರು. ಆದರೆ ರೈನ್ ದಡದ ಬೆಂಚಿನ ಮೇಲೆ ಅಕ್ಕ ಕಟ್ಟಿ ತಂದ ಚಪಾತಿ, ಮಿಡಿ ಉಪ್ಪಿನಕಾಯಿ ತಿನ್ನುತ್ತಾ (ಅಲ್ಲಿನ ಹೋಟೆಲಿನ ದರ ನೋಡಿದರೆ ಹಸಿವೇ ಹೋಗುತ್ತದೆ ಮಾರಾಯ್ರೆ) ನಮಗೆ ನೆನಪಾದದ್ದು ಆ ಇಪ್ಪತ್ತರ ಹುಡುಗನೇ. ಅವರಿಗೂ ಒಂದು ದಿನ ಕುಚ್ಚಲಕ್ಕಿ ಗಂಜಿ ಬೇಕೆನಿಸಿರಬೇಕು.

ಎಲ್ಲರೂ ಕೌಂಡಿಣ್ಯರಲ್ಲ. ದೀಕ್ಷಾಸ್ನಾನ ಪಡೆದ ಹೆಚ್ಚಿನವರು ಶೇಂದಿ ತೆಗೆಯುವವರು, ಗೇಣಿಗೆ ಗದ್ದೆ ಮಾಡುವವರು, ಕೂಲಿಯವರು. ಸೇರಿದ ಮರುದಿನ ಧಣಿ ಗದ್ದೆ ಬಿಡಿಸುತ್ತಿದ್ದ, ಮನೆಯವರು ಹೊರಗೆ ಹಾಕುತ್ತಿದ್ದರು, ಹಳೆಯ ಕಸುಬು ಹೋಗುತ್ತಿತ್ತು. ಹಂಚು ಹುಟ್ಟಿದ್ದು ಈ ಹೊಟ್ಟೆಪಾಡಿನ ಪ್ರಶ್ನೆಯಿಂದ. ಮೊದಲು ನೇಯ್ಗೆ ಹಿಡಿದರು. 1851ರಲ್ಲಿ ಬಂದ ಹಾಲರ್ ಎಂಬ ನೇಕಾರರು ಯುರೋಪಿನ ಮಗ್ಗ ನಿಲ್ಲಿಸಿದರು, ಮಂಗಳೂರಿನ ಖಾಕಿ ಹೆಸರಾಯಿತು. ಖಾಕಿ ಹುಟ್ಟಿದ್ದೇ ಮಂಗಳೂರಿನಲ್ಲಿ ಎಂದು ನಾವು ಹೆಮ್ಮೆಯಿಂದ ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ಪೇಶಾವರದ ಒಂದು ಪಡೆಗೆ 1840ರ ದಶಕದಲ್ಲೇ ಆ ಬಣ್ಣದ ಉಡುಪು ಇತ್ತು. ಚೆನ್ನಾಗಿ ಅಂಟುವ ಖಾಕಿ ಬಣ್ಣ ಹಾಕುವುದನ್ನು ಮಂಗಳೂರಿನವರು ಸಾಧಿಸಿದರು, ಅಷ್ಟು ಸಾಕು.

ಆಮೇಲೆ ಹಂಚು. ಮುದ್ರಣಾಲಯದ ಕೆಲಸಕ್ಕೆ ಬಂದಿದ್ದ ಜಾರ್ಜ್ ಪ್ಲೆಬ್‌ಸ್ಟ್ ನೇತ್ರಾವತಿ ಹೊಳೆಯ ಜೇಡಿಮಣ್ಣು ನೋಡಿ, 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಆರಂಭಿಸಿದರು. ಒಂದರ ಅಂಚು ಇನ್ನೊಂದರ ತೋಡಿಗೆ ಕಚ್ಚಿ ಕೂರುವ ಹಂಚು ಇದು. ಈ ಬಗೆಯ ಹಂಚನ್ನು 1841ರಲ್ಲಿ ಮೊದಲು ಮಾಡಿದವರು ಫ್ರಾನ್ಸಿನ ಆಲ್ಟ್‌ಕಿರ್ಶ್‌ನ ಜಿಲಾರ್ಡೋನಿ ಸಹೋದರರು. ಆಲ್ಟ್‌ಕಿರ್ಶ್ ಬಾಸೆಲ್‌ನಿಂದ ಸುಮಾರು 30 ಕಿಲೋಮೀಟರ್! ಇದನ್ನು ಓದಿದಾಗ ನಮಗಾದ ಖುಷಿ ಹೇಳತೀರದು. ಕಚ್ಚಿ ಕೂರುವುದರಿಂದ ಹಂಚಿನ ಮೇಲೆ ಹಂಚು ಬಹಳ ಹೇರಬೇಕಾಗಿಲ್ಲ. ಭಾರ ಕಡಿಮೆ, ಮರ ಕಡಿಮೆ, ಗಾಳಿಮಳೆಗೆ ಜಾರುವುದಿಲ್ಲ. ವರ್ಷಕ್ಕೆ ಮೂರೂವರೆ ಮೀಟರ್ ಮಳೆ ಸುರಿಯುವ ನಮ್ಮ ಕರಾವಳಿಗೆ ಹೇಳಿ ಮಾಡಿಸಿದ್ದು. ಮುಳಿಹುಲ್ಲು, ಮಡಲು ಹೊದೆಸಿದ ಮಾಡುಗಳ ಜಾಗಕ್ಕೆ ಕೆಂಪು ಮಾಡು ಬಂತು. ಬೆಂಕಿಯ ಭಯ ಹೋಯಿತು.

ಮಣ್ಣು ತುಳಿದವರು, ಅಚ್ಚು ಒತ್ತಿದವರು, ಒಲೆಯ ಬಾಯಲ್ಲಿ ನಿಂತವರು ನಮ್ಮವರು. ನಮ್ಮ ಸಭೆಯ ಒಬ್ಬ ಅಜ್ಜಿ ತನ್ನ ಅಜ್ಜ ಜೆಪ್ಪುವಿನ ಕಾರ್ಖಾನೆಗೆ ದುಡಿಯಲು ಹೋದದ್ದನ್ನು ಈಗಲೂ ಹೇಳುತ್ತಾರೆ: “ಆದಿತ್ಯವಾರ ಆರಾಧನೆ ತಪ್ಪಿಸಿದರೆ ಸೋಮವಾರ ಕಾರ್ಖಾನೆಯಲ್ಲಿ ಕೇಳುತ್ತಿದ್ದರಂತೆ, ಎಲ್ಲಿ ಹೋಗಿದ್ದಿ ಅಂತ.” ನಗುತ್ತಾ ಹೇಳುತ್ತಾರೆ, ಆದರೆ ಅದರಲ್ಲಿ ಇತಿಹಾಸ ಇದೆ. ಕೆಲಸ ಕೊಡುವವರು, ಮನೆ ಕೊಡುವವರು, ಆತ್ಮದ ಲೆಕ್ಕ ಕೇಳುವವರು ಮೂವರೂ ಒಬ್ಬರೇ ಆದಾಗ ಕೂಲಿಯವನಿಗೆ ಎದುರು ಮಾತಾಡುವ ಜಾಗ ಎಲ್ಲಿ? ಉಪಕಾರವನ್ನು ಮರೆಯಬಾರದು ಎಂಬುದು ಸರಿ. ಈ ಇಕ್ಕಟ್ಟನ್ನೂ ಮರೆಯಬಾರದು ಎಂಬುದು ನಮ್ಮ ಅಭಿಪ್ರಾಯ. 1914ರಲ್ಲಿ ಮಹಾಯುದ್ಧ ಬಂತು. ಜರ್ಮನ್ ಮಿಶನರಿಗಳನ್ನು ಅಹ್ಮದ್‌ನಗರದ ಶಿಬಿರಕ್ಕೆ ಹಾಕಿ, ಆಮೇಲೆ ಊರಿಗೆ ಕಳಿಸಿದರು. ಕಾರ್ಖಾನೆಗಳು ಬ್ರಿಟಿಷ್ ಸರಕಾರದ ವಶಕ್ಕೆ, ಬಳಿಕ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಂಚಿನ ಹಿಂಬದಿಯ ಹೆಸರು ಬದಲಾಯಿತು. ಮಣ್ಣು ತುಳಿಯುವ ಕಾಲು ಬದಲಾಗಲಿಲ್ಲ.

ಮಿಶನ್ ಮನೆಯಲ್ಲಿ ಈಗ ‘ಮಿಶನ್ 21’ ಎಂಬ ಸಂಸ್ಥೆ ಇದೆ, ಒಂದು ಭಾಗ ಹೋಟೆಲ್ ಆಗಿದೆ. ಒಳಗೆ ದೊಡ್ಡ ದಾಖಲೆ ಸಂಗ್ರಹ ಇದೆ: ಮಿಶನರಿಗಳು ಬರೆದ ಪತ್ರ, ವರದಿ, ನಕ್ಷೆ, ಸಾವಿರಾರು ಫೋಟೊ. ನಾವು ಮೊದಲೇ ಬರೆದು ಕೇಳದೆ ಶನಿವಾರ ಹೋಗಿ ನಿಂತದ್ದು, ತಪ್ಪು ನಮ್ಮದೇ. ಒಳಗೆ ಹೋಗಲಾಗಲಿಲ್ಲ. ಹೊರಗೆ ಮರದ ನೆರಳಲ್ಲಿ ಕೂತು, ಅವರೇ ಇಂಟರ್‌ನೆಟ್ಟಿಗೆ ಹಾಕಿರುವ ಹಳೆ ಫೋಟೊಗಳನ್ನು ಮೊಬೈಲಿನಲ್ಲಿ ನೋಡಿದೆವು. ಹಂಚಿನ ಕಾರ್ಖಾನೆ, ನೇಯ್ಗೆಯ ಶಾಲೆ, ಶಾಲೆಯ ಹೆಣ್ಣುಮಕ್ಕಳು ಸೆರಗು ಹೊದ್ದು ಸಾಲಾಗಿ ಕೂತದ್ದು. ಚಿತ್ರಗಳ ಕೆಳಗಿನ ಬರಹದಲ್ಲಿ ಬಿಳಿಯರ ಹೆಸರು ಹಲವು ಕಡೆ ಇದೆ. ನಮ್ಮವರು ಹೆಚ್ಚಾಗಿ ‘ಕೆಲಸಗಾರರು’, ‘ಕ್ರೈಸ್ತ ಕುಟುಂಬ’, ‘ಶಾಲಾ ಹುಡುಗಿಯರು’. ಒಂದು ಮುಖವನ್ನು ಅಕ್ಕ ದೊಡ್ಡದು ಮಾಡಿ ನೋಡಿ, “ನಮ್ಮ ದೊಡ್ಡಮ್ಮನ ಹಾಗೇ ಇದ್ದಾರಲ್ಲ!” ಎಂದಳು. ಇರಬಹುದು. ಪತ್ರಗಳಲ್ಲಿ ಹೆಸರುಗಳು ಇವೆ, ಆದರೆ ಅವು ಹಳೆಯ ಜರ್ಮನ್ ಕೈಬರಹದಲ್ಲಿವೆ. ಈಗಿನ ಜರ್ಮನರಲ್ಲೂ ಅದನ್ನು ಓದಬಲ್ಲವರು ಕಡಿಮೆ. ನಮ್ಮ ಮುತ್ತಜ್ಜಂದಿರ ಕತೆ ನಮಗೆ ಓದಲು ಬಾರದ ಲಿಪಿಯಲ್ಲಿ, ಏಳೆಂಟು ಸಾವಿರ ಕಿಲೋಮೀಟರ್ ಆಚೆ ಭದ್ರವಾಗಿದೆ.

ಮಧ್ಯಾಹ್ನ ಮತ್ತೆ ನದಿಗೆ ಬಂದೆವು. ರೈನ್‌ನ ದೋಣಿ ನೋಡಬೇಕಾದದ್ದು. ಅಡ್ಡಕ್ಕೆ ಒಂದು ಉಕ್ಕಿನ ಹಗ್ಗ. ಅದರ ಮೇಲೆ ಉರುಳುವ ರಾಟೆಯಿಂದ ದೋಣಿಗೆ ಇನ್ನೊಂದು ಹಗ್ಗ. ಎಂಜಿನ್ ಇಲ್ಲ, ಹುಟ್ಟು ಹಾಕುವುದಿಲ್ಲ. ದೋಣಿಯನ್ನು ಹರಿವಿಗೆ ಓರೆಯಾಗಿ ತಿರುಗಿಸಿದರೆ ನೀರೇ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಕೆಳಕ್ಕೆ ಕೊಚ್ಚಿಹೋಗಲು ಹಗ್ಗ ಬಿಡುವುದಿಲ್ಲ. ಉಳಿದ ದಾರಿ ಆಚೆ ದಡವೊಂದೇ. ಬಿಎಸ್ಸಿಯಲ್ಲಿ ಬಲಗಳ ತ್ರಿಭುಜ ಬರೆದು ಬರೆದು ಬೇಸತ್ತಿದ್ದ ನಮಗೆ ಅದರ ಅರ್ಥ ಇಲ್ಲಿ ಆಯಿತು. ಇಂಥ ನಾಲ್ಕು ದೋಣಿಗಳಿವೆ, ಮೊದಲನೆಯದು 1854ರದ್ದು. ಚಂದ್ರಗಿರಿ ಹೊಳೆಯ ಕಡವುಗಳಲ್ಲಿ ಇದನ್ನು ಯಾರೂ ಮಾಡಿ ನೋಡಲಿಲ್ಲ, ಮಳೆಗಾಲದ ನೆರೆಗೆ ಹಗ್ಗ ನಿಲ್ಲುತ್ತಿರಲಿಲ್ಲವೇನೋ.

ದೋಣಿಯಿಂದ ನೋಡಿದರೆ ನದಿ ತುಂಬ ತಲೆಗಳು! ಆಫೀಸಿನವರು, ಮುದುಕಿಯರು, ಮಕ್ಕಳು ಬಟ್ಟೆಯನ್ನು ಮೀನಿನ ಆಕಾರದ ಚೀಲದಲ್ಲಿ ಕಟ್ಟಿ, ಅದನ್ನೇ ಬುರುಡೆಯ ಹಾಗೆ ಹಿಡಿದು ತೇಲುತ್ತಾ ಹೋಗುತ್ತಾರೆ. ದೊಡ್ಡ ಔಷಧ ಕಂಪನಿಗಳ ಗೋಪುರಗಳ ಪಕ್ಕದಲ್ಲೇ. ಆ ಕಂಪನಿಗಳ ಬೇರೂ ರಿಬ್ಬನ್ನಿಗೇ ಹೋಗುತ್ತದೆ: ರೇಷ್ಮೆಗೆ ಬಣ್ಣ ಬೇಕು, ಬಣ್ಣಕ್ಕೆ ರಸಾಯನ ಬೇಕು, ಅಲ್ಲಿಂದ ಔಷಧ, ಕೀಟನಾಶಕ.

1986ರ ನವೆಂಬರ್ 1ರ ನಸುಕಿನಲ್ಲಿ, ಊರಿಗೆ ಸ್ವಲ್ಪ ಮೇಲೆ ಶ್ವೈಟ್ಸರ್‌ಹಾಲ್ಲೆಯಲ್ಲಿ ಸ್ಯಾಂಡೋಸ್ ಕಂಪನಿಯ ಉಗ್ರಾಣಕ್ಕೆ ಬೆಂಕಿ ಬಿತ್ತು. ಸೈರನ್ ಕೂಗಿ ಜನರನ್ನು ಎಬ್ಬಿಸಿ, ಕಿಟಕಿ ಮುಚ್ಚಿಕೊಳ್ಳಲು ಹೇಳಿದರು. ಬೆಂಕಿ ಆರಿಸಲು ಸುರಿದ ನೀರು ಟನ್ನುಗಟ್ಟಲೆ ಕೀಟನಾಶಕವನ್ನು ನದಿಗೆ ತೊಳೆಯಿತು. ರೈನ್ ಕೆಂಪಾಗಿ ಹರಿಯಿತು. ಲಕ್ಷಕ್ಕೂ ಹೆಚ್ಚು ಹಾವುಮೀನುಗಳು ಸತ್ತು ತೇಲಿದವು. ಜನ ಬೀದಿಗೆ ಬಂದರು. ಮರುವರ್ಷವೇ ನದಿಯ ದಡದ ದೇಶಗಳೆಲ್ಲ ಸೇರಿ ರೈನ್ ಉಳಿಸುವ ಯೋಜನೆ ಮಾಡಿದವು, ಸಾಲ್ಮನ್ ಮೀನು ಮತ್ತೆ ಬರಬೇಕು ಎಂದು ಗುರಿ ಇಟ್ಟವು. ನಾವು ನೋಡಿದ ಈಜು ಸುಮ್ಮನೆ ಬಂದದ್ದಲ್ಲ.

ಇಲ್ಲಿ ನಾವು ಮೂವರೂ ಸುಮ್ಮನಾದೆವು. ಯಾಕೆಂದು ಕಾಸರಗೋಡಿನವರಿಗೆ ಹೇಳಬೇಕೇ? ರೈನ್ ನದಿಯಲ್ಲಿ ಅದಕ್ಕೂ ಮೊದಲು, 1969ರ ಜೂನ್‌ನಲ್ಲಿ, ಬಾಸೆಲ್‌ನಿಂದ ಬಹಳ ಕೆಳಗೆ ಜರ್ಮನಿಯ ಭಾಗದಲ್ಲಿ ಮೀನುಗಳು ರಾಶಿ ರಾಶಿ ಸತ್ತಿದ್ದವು. ಹಾಲೆಂಡಿನಲ್ಲಿ ಕುಡಿಯಲು ನದಿನೀರು ಎತ್ತುವುದನ್ನೇ ನಿಲ್ಲಿಸಿದರು. ನೀರಿನಲ್ಲಿ ಸಿಕ್ಕ ವಿಷ ಎಂಡೋಸಲ್ಫಾನ್. ಬಾಸೆಲ್‌ನ ಕಂಪನಿಯದ್ದಲ್ಲ ಅದು. 1950ರ ದಶಕದಲ್ಲಿ ಅದನ್ನು ತಂದದ್ದು ಫ್ರಾಂಕ್‌ಫರ್ಟಿನ ಹೋಕ್ಸ್ಟ್ ಕಂಪನಿ. ವಿಜ್ಞಾನಿಗಳು 1971ರಲ್ಲಿ ರೈನ್‌ನ ಎಂಡೋಸಲ್ಫಾನ್ ಬಗ್ಗೆ ಲೇಖನ ಬರೆದು ಪ್ರಕಟಿಸಿದರು. ನಮ್ಮ ಗುಡ್ಡಗಳ ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದೇ ಎಂಡೋಸಲ್ಫಾನ್ ಸುರಿಯತೊಡಗಿದ್ದು ಆ ದಶಕದ ಕೊನೆಯಲ್ಲಿ. ನಿಂತದ್ದು 2000ದಲ್ಲಿ. ಕೆಳಗೆ ತೋಡುಗಳಿದ್ದವು, ಸುರಂಗಗಳಿದ್ದವು. ಆ ನೀರನ್ನೇ ಕುಡಿಯುವ ಮನೆಗಳಿದ್ದವು. ಪಡ್ರೆಯ ವೈದ್ಯ ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಬರೆದು ಎಚ್ಚರಿಸಿದರು. ಪೆರಿಯದ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋದರು. 2011ರ ಏಪ್ರಿಲ್‌ನಲ್ಲಿ ಜಗತ್ತಿನ ದೇಶಗಳು ಎಂಡೋಸಲ್ಫಾನ್ ನಿಷೇಧಕ್ಕೆ ಒಪ್ಪಿದ್ದು ಜಿನೀವಾದಲ್ಲಿ, ಇದೇ ಸ್ವಿಟ್ಜರ್‌ಲ್ಯಾಂಡಿನಲ್ಲಿ. ಮುಂದಿನ ತಿಂಗಳು ನಮ್ಮ ಸುಪ್ರೀಂ ಕೋರ್ಟೂ ತಡೆದಿತು. 2017ರಲ್ಲಿ ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿ ಕೊಡಬೇಕೆಂದು ಅದೇ ಕೋರ್ಟು ಹೇಳಿತು. ಅದನ್ನು ಪಡೆಯಲು ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಮತ್ತೆ ತಿರುವನಂತಪುರದ ತನಕ ಹೋಗಿ ಕೂತದ್ದನ್ನು ನಾವೆಲ್ಲ ನೋಡಿದ್ದೇವೆ.

1834ರಲ್ಲಿ ಆ ನದಿಯ ದಡದಿಂದ ನಮ್ಮ ಕಡಲಿಗೆ ಮನುಷ್ಯರು ಬರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಮಗ್ಗ ಬಂತು, ಅಚ್ಚಿನ ಮೊಳೆ ಬಂತು, ಹಂಚಿನ ನಮೂನೆ ಬಂತು, ನಿಘಂಟು ಬರೆಯುವ ಶಿಸ್ತು ಬಂತು. 1969ರಲ್ಲಿ ವಿಮಾನವೂ ತಂತಿಯೂ ಇದ್ದ ಕಾಲದಲ್ಲಿ, ಸತ್ತ ಮೀನಿನ ಸುದ್ದಿಯೊಂದು ಬರಲಿಲ್ಲ. ಅಥವಾ ಬಂದರೂ ಪಡ್ರೆ, ಎಣ್ಮಕಜೆಯ ತನಕ ಇಳಿಯಲಿಲ್ಲ. ದೋಣಿ ಆಚೆ ದಡ ಮುಟ್ಟುವಾಗ ತಮ್ಮ ಹೇಳಿದ, “ಇವರದ್ದು ನದಿ ಒಂದೇ ದಿನ ಕೆಂಪಾಯಿತು. ನಮ್ಮದಕ್ಕೆ ಬಣ್ಣವೇ ಇರಲಿಲ್ಲ, ಅದೇ ಕಷ್ಟವಾದದ್ದು.”

ಸಂಜೆ ನಿಲ್ದಾಣಕ್ಕೆ ಮರಳುವ ಮುಂಚೆ ಅಕ್ಕನಿಗೆ ನೀರಿಗಿಳಿಯಬೇಕೆನಿಸಿತು. ಈಜು ಬಾರದ ಕಾರಣ ಮೆಟ್ಟಿಲ ಮೇಲೆ ಕೂತು ಮೊಣಕಾಲ ತನಕ ಕಾಲು ಇಳಿಬಿಟ್ಟಳು. ನಾವಿಬ್ಬರೂ ಕೂತೆವು. ಆಗಸ್ಟ್ ಆದರೂ ನೀರು ನಮ್ಮ ಸುರಂಗದ ನೀರಿನಷ್ಟು ತಣ್ಣಗಿತ್ತು.

ಊರಿಗೆ ಬಂದ ಮೇಲೆ ಸಂಘದಲ್ಲಿ ಮಾತಾಡಿ ಒಂದು ಕೆಲಸ ಆರಂಭಿಸಿದ್ದೇವೆ. ನಿಮ್ಮ ಮನೆಯಲ್ಲಿ ಹಳೆ ಫೋಟೊ, ದೀಕ್ಷಾಸ್ನಾನದ ಚೀಟಿ, ಕಾರ್ಖಾನೆಯ ಕಾಗದ, ಅಚ್ಚಿನ ಹಂಚು ಏನಿದ್ದರೂ ಮುಂದಿನ ತಿಂಗಳ ಎರಡನೇ ಆದಿತ್ಯವಾರ ಆರಾಧನೆ ಮುಗಿದ ಮೇಲೆ ತನ್ನಿ. ಫೋಟೊ ತೆಗೆದು ಅಲ್ಲೇ ವಾಪಸು ಕೊಡುತ್ತೇವೆ. ಅಜ್ಜ ಅಜ್ಜಿಯರನ್ನು ಕರಕೊಂಡು ಬನ್ನಿ. ಬಾಸೆಲ್‌ನ ಸಂಗ್ರಹದ ಫೋಟೊಗಳನ್ನು ಪರದೆಯ ಮೇಲೆ ದೊಡ್ಡದಾಗಿ ಹಾಕುತ್ತೇವೆ; ಯಾರಿಗಾದರೂ ಯಾರದಾದರೂ ಗುರುತು ಸಿಕ್ಕಿದರೆ ಹೆಸರು ಬರೆದುಕೊಳ್ಳಲು ಪುಸ್ತಕ ಇಟ್ಟಿರುತ್ತೇವೆ. ಮಾಡಿಗೆ ಹತ್ತುವವರು ಮಾತ್ರ ಒಬ್ಬರೇ ಹತ್ತಬೇಡಿ, ಹಳೆ ಪಕ್ಕಾಸು ನಂಬುವ ಹಾಗಿಲ್ಲ. ಫೋನ್ ಮಾಡಿದರೆ ನಾವೇ ಬಂದು ಇಳಿಸಿ ಕೊಡುತ್ತೇವೆ.